ಹುಣಸೆ ಕಡ್ಡಿಯ ಗೆರೆ



ಚಿತ್ರದ ವಿಷಯವನ್ನು ಬಾನುಲಿಯಲ್ಲಿ ಮಾತಾಡುತ್ತೇನೆ ಅಂದಾಗ ನನ್ನ ಗೆಳೆಯರೊಬ್ಬರು, ‘ಕತ್ತಲೆಯಲ್ಲಿ ಕನ್ನಡಿ ಹಿಡಿಯೋಕೆ ಹೊರಟಿದ್ದೀಯಲ್ಲ ಮಾರಾಯ’ ಅಂತ ನಕ್ಕರು. ನಗಲಿ. ಬಣ್ಣದ ವಿಷಯವಾಗಿದ್ದರೆ ನಾನೂ ಹಿಂದೇಟು ಹಾಕುತ್ತಿದ್ದೆ. ಗೆರೆಯನ್ನು ಮಾತಿನಲ್ಲೂ ಎಳೆಯಬಹುದು. ಸಂಗ್ರಹಾಲಯದಲ್ಲಿ ನಿಂತಿರುವ ಒಂದು ಕಲ್ಲು ಶಿಲ್ಪವನ್ನು ಆರೇಳು ಗೆರೆಗಳಲ್ಲಿ ಮನೆಗೆ ತರುವುದು ಹೇಗೆ, ಅದಕ್ಕೆ ಬೇಕಾದ ಸಾಮಾನನ್ನು ಕಾಸು ಖರ್ಚಿಲ್ಲದೆ ಮಾಡಿಕೊಳ್ಳುವುದು ಹೇಗೆ, ಇಷ್ಟೇ ಇವತ್ತಿನ ಮಾತು.

ನಾನು ಬಲಸಮುದ್ರದ ಕಡೆಯವನು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಊರ ಹೆಸರಿನ ತುದಿಗೆ ‘ಸಮುದ್ರ’ ಅಂತ ಬಂದರೆ ಯಾರೂ ಅಲೆಗಳನ್ನು ನೆನೆಯುವುದಿಲ್ಲ. ಸಮುದ್ರ ಅಂದರೆ ಕೆರೆ. ಅದೂ ತುಂಬಿದ ವರ್ಷಕ್ಕಿಂತ ತುಂಬದ ವರ್ಷವೇ ಹೆಚ್ಚು. ನೀರಿಲ್ಲದಿದ್ದರೂ ನಮಗೆ ಕೈಕೊಡದೆ ನಿಂತ ಮರ ಹುಣಸೆ. ಹೊಲದ ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ, ಗುಡಿಯ ಮುಂದೆ ಅದೇ. ನಾನು ಡ್ರಾಯಿಂಗ್ ಮೇಷ್ಟ್ರಾಗಿ ಈ ಸೀಮೆಯ ಹೈಸ್ಕೂಲುಗಳಲ್ಲಿ ಸುತ್ತಿದ ಕಾಲದಲ್ಲಿ ಮಕ್ಕಳ ಹತ್ತಿರ ಪೆನ್ಸಿಲ್ಲಿನ ತುಂಡು ಇದ್ದರೆ ರಬ್ಬರು ಇರುತ್ತಿರಲಿಲ್ಲ, ರಬ್ಬರು ಇದ್ದರೆ ಹಾಳೆ ಇರುತ್ತಿರಲಿಲ್ಲ. ಹಾಗಾಗಿ ಮರದ ಕಡೆ ತಿರುಗಿದೆವು.

ಇದು ನಾನು ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಮೈಸೂರು ಸಂಪ್ರದಾಯದ ಚಿತ್ರಗಾರರು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಗೆ ಬರೆದುಕೊಟ್ಟವರು, ತಮ್ಮ ಸಾಮಾನನ್ನು ತಾವೇ ಮಾಡಿಕೊಳ್ಳುತ್ತಿದ್ದರು. ನೇರವಾದ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು, ಆ ಇದ್ದಿಲಿನಿಂದಲೇ ಮೊದಲ ಗೆರೆ ಎಳೆಯುತ್ತಿದ್ದರು. ಕುಂಚಕ್ಕೆ ಅಳಿಲಿನ ಕೂದಲು. ಕೂದಲಿಗಿಂತ ಸಣ್ಣ ಗೆರೆ ಬೇಕಾದರೆ ಒಂದು ಜಾತಿಯ ಹುಲ್ಲಿನ ಮೊನೆಯನ್ನೇ ಕುಂಚ ಮಾಡಿಕೊಳ್ಳುತ್ತಿದ್ದರು. ಆ ಚಿತ್ರಗಳ ಚಿನ್ನದ ರೇಕನ್ನೂ ಉಬ್ಬಿಸಿ ಮಾಡಿದ ಗೆಸ್ಸೋ ಕೆಲಸವನ್ನೂ ನೋಡಿ ಬಾಯಿ ತೆರೆಯುತ್ತೇವೆ. ಅಡಿಯಲ್ಲಿ ಮಲಗಿರುವ ಹುಣಸೆ ಕಡ್ಡಿಯ ನೆನಪು ಯಾರಿಗೂ ಬರುವುದಿಲ್ಲ.

ಮೊದಲ ಸಲ ನಾನು ಇದ್ದಿಲು ಮಾಡಿದ ಕತೆ ಹೇಳಬೇಕು. ಪೆನ್ಸಿಲ್ಲಿನಷ್ಟು ದಪ್ಪದ ಕಡ್ಡಿ ಆರಿಸಿ, ಸಿಪ್ಪೆ ಸುಲಿದು, ಬಿಸಿಲಿಗೆ ಹಾಕಿ, ಗೇಣುದ್ದಕ್ಕೆ ಮುರಿದು ಹಾಲಿನ ಪುಡಿಯ ತಗಡಿನ ಡಬ್ಬದಲ್ಲಿ ಒತ್ತೊತ್ತಾಗಿ ನಿಲ್ಲಿಸಿದೆ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು. ನೀರೊಲೆಯ ಕೆಂಡದಲ್ಲಿ ಹೂತಿಟ್ಟೆ. ತೂತಿನಿಂದ ಮೊದಲು ಬಿಳಿ ಹೊಗೆ, ಆಮೇಲೆ ಹಳದಿ ಹೊಗೆ, ಕೊನೆಗೆ ಏನೂ ಇಲ್ಲ. ಹೊಗೆ ನಿಂತಿತು ಅಂದರೆ ಕಡ್ಡಿ ಬೆಂದಿತು ಅಂತ ಅರ್ಥ. ಇಲ್ಲಿಯವರೆಗೆ ಎಲ್ಲ ಸರಿ. ಆತುರ ತಡೆಯಲಾಗದೆ ಡಬ್ಬ ಬಿಸಿಯಿರುವಾಗಲೇ ಮುಚ್ಚಳ ಎಬ್ಬಿದೆ. ಒಳಗೆ ಗಾಳಿ ಹೊಕ್ಕಿದ್ದೇ ತಡ, ಕರಿ ಕಡ್ಡಿಗಳೆಲ್ಲ ಒಮ್ಮೆಗೇ ಕೆಂಪಾಗಿ, ನಾನು ‘ಅಯ್ಯೋ’ ಅನ್ನುವಷ್ಟರಲ್ಲಿ ಬೂದಿಯಾದವು. ನಮ್ಮಮ್ಮ ಬಂದು ಡಬ್ಬ ನೋಡಿ, ‘ಸುಡುಗಾಡು ಕಾಯೋನಿಗಾದ್ರೂ ನಿನಗಿಂತ ತಾಳ್ಮೆ ಇರ್ತದೆ ಕಣೋ’ ಅಂದಳು. ಅವತ್ತಿನಿಂದ ರಾತ್ರಿ ಹೂತಿಟ್ಟ ಡಬ್ಬವನ್ನು ಬೆಳಿಗ್ಗೆ ತೆಗೆಯುವುದು ಅಭ್ಯಾಸವಾಯಿತು. ಚೆನ್ನಾಗಿ ಬೆಂದ ಇದ್ದಿಲು ಕೆಳಗೆ ಬಿದ್ದರೆ ಗಾಜಿನ ಹಾಗೆ ಟಿಣ್ ಅನ್ನುತ್ತದೆ. ಬೇಯದ್ದು ಡಬ್ ಅನ್ನುತ್ತದೆ, ಹಾಳೆ ಮೇಲೆ ಕಂದುಬಣ್ಣದಲ್ಲಿ ಗೀರುತ್ತದೆ.

ಇನ್ನು ಹಾಳೆ. ಅದಕ್ಕೂ ಹುಣಸೆಯೇ. ಈಗ ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಹೆಸರು ಬಂದದ್ದು ಒಂದು ಬಟ್ಟೆಯ ಪುಸ್ತಕದಿಂದ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಜಿಯ ಹಾಗೆ ಕುದಿಸಿ ಸರಿ ಮಾಡಿ, ಅದಕ್ಕೆ ಇದ್ದಿಲಿನ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವುದು. ವರ್ತಕರ ಲೆಕ್ಕ, ಕಂದಾಯದ ಲೆಕ್ಕ, ಶೃಂಗೇರಿ ಮಠದ ದಾಖಲೆಗಳು, ಎಲ್ಲವೂ ಇಂಥ ಕರಿ ಬಟ್ಟೆಯ ಮೇಲೆ ಬೆಳ್ಳಗೆ ಕೂತಿದ್ದವು. ನನ್ನ ಮೊದಲ ಕಡತಕ್ಕೆ ಸರಿ ಮಾಡಿಕೊಟ್ಟವರು ಕಂಬಳಿ ನೇಯುವ ಒಬ್ಬ ಅಜ್ಜ. ನಮ್ಮ ಕಡೆ ಕುರಿಯ ಉಣ್ಣೆಯ ಕಂಬಳಿಗೆ ಹುಣಸೆ ಬೀಜದ ಸರಿ ಹಚ್ಚುವುದು ರೂಢಿ, ಕಂಬಳಿ ಸೆಟೆದು ನಿಲ್ಲುವುದು ಅದರಿಂದಲೇ. ಆ ಅಜ್ಜ ಸರಿಯನ್ನು ಬೆರಳಲ್ಲಿ ಎತ್ತಿ ನೋಡಿ, ‘ನೂಲು ಎಳೀಬೇಕು ಮೇಷ್ಟ್ರೆ, ಆಗ್ಲೇ ಇಳಿಸಿ’ ಅಂದರು. ಹಳೆಯ ಪಂಚೆಗೆ ಮೂರು ಸಲ ಬಳಿದೆವು. ನಾಲ್ಕನೆಯ ಸಲ ಬಳಿದಿದ್ದರೆ ಮಡಿಕೆಯಲ್ಲಿ ಸೀಳುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಬಳಪದ ಮಾತು ಬಂತು. ಹಳೇಬೀಡು, ಬೇಲೂರಿನ ಶಿಲ್ಪಗಳನ್ನು ಕಡೆದದ್ದು ಬಳಪದ ಕಲ್ಲಿನಲ್ಲಿ. ಮೆದು ಕಲ್ಲು, ಅದಕ್ಕೇ ಅಷ್ಟು ಕುಸುರಿ ಸಾಧ್ಯವಾಯಿತು. ಹೊಯ್ಸಳರ ಶಿಲ್ಪವನ್ನು ಕಡತದ ಮೇಲೆ ಬಳಪದಲ್ಲಿ ಬರೆಯುವ ಹುಡುಗ ಕಲ್ಲಿನ ಚಿತ್ರವನ್ನು ಅದರ ನೆಂಟನ ಕೈಯಲ್ಲೇ ಬರೆಸುತ್ತಿದ್ದಾನೆ. ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಬಳಪವನ್ನು ಬಾಯಿಂದ ತೆಗೆದು ಕಣ್ಣ ಹತ್ತಿರ ಹಿಡಿದು ನೋಡಿದ. ತಿನ್ನುತ್ತಾ ಕೂತಿದ್ದನಲ್ಲ, ಮುಖದಲ್ಲಿ ಸ್ವಲ್ಪ ಅಳುಕು ಕಂಡಿತು.

ಇಂಥ ಸಾಮಾನು ಹೊತ್ತು ನಾವು ಒಂದು ಸಲ ಬೆಂಗಳೂರಿಗೆ ಹೋದೆವು. ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯ 1865ರಲ್ಲಿ ಶುರುವಾದದ್ದು. ಡಾಕ್ಟರ್ ಎಡ್ವರ್ಡ್ ಬಾಲ್ಫರ್ ಅದರ ಹಿಂದಿದ್ದವರು, ಅದಕ್ಕೆ ಮೊದಲು ಮದರಾಸಿನ ಸಂಗ್ರಹಾಲಯವನ್ನು ಕಟ್ಟಿದವರೂ ಅವರೇ. ಈಗಿರುವ ಕೆಂಪು ಕಟ್ಟಡ 1877ರದ್ದು. ಅಲ್ಲಿ ಒಂದು ನಾಯಿ ಇದೆ.

ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ವೀರಗಲ್ಲು ಅದು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಎಂಬ ವೀರನಿಗೆ ‘ಏನು ಬೇಕೋ ಕೇಳು’ ಅಂದಾಗ ಅವನು ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೆರ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶಿವನ ಅರ್ಚಕನಿಗೆ, ನಾಯಿಯ ಪಾಪ ತಟ್ಟುತ್ತದೆ ಅಂತ ಶಾಸನವೇ ಎಚ್ಚರಿಸುತ್ತದೆ. ಕಲ್ಲಿನ ಮೇಲೆ ಅಕ್ಷರಗಳ ನಡುವೆ ನಾಯಿ, ಹಂದಿಯ ಕಾಳಗವನ್ನು ಕಡೆದಿದ್ದಾರೆ.

ಮಕ್ಕಳನ್ನು ಅದರ ಮುಂದೆ ಕೂರಿಸಿದೆ. ಐದು ನಿಮಿಷ ಯಾರೂ ಕೈಯಾಡಿಸಕೂಡದು, ನೋಡಬೇಕು ಅಷ್ಟೆ. ಐದು ನಿಮಿಷ ಸುಮ್ಮನೆ ನೋಡುವುದು ಎಷ್ಟು ಕಷ್ಟ ಅಂತ ನೀವು ಮನೆಯಲ್ಲಿ ಒಂದು ಚೊಂಬನ್ನಾದರೂ ಎದುರಿಟ್ಟುಕೊಂಡು ನೋಡಿ. ಎರಡನೇ ನಿಮಿಷಕ್ಕೆ ಕೈ ತುರಿಸುತ್ತದೆ, ಮೂರನೆಯದಕ್ಕೆ ಮುಂದಿನವನ ಬೆನ್ನಿಗೆ ಗುದ್ದಬೇಕೆನ್ನಿಸುತ್ತದೆ. ಆಮೇಲೆ ಕಟ್ಟಳೆ ಹೇಳಿದೆ. ಏಳು ಗೆರೆ, ಎಂಟನೆಯದಕ್ಕೆ ಕೈ ಹಾಕಿದರೆ ಕಡ್ಡಿ ಕಿತ್ತುಕೊಳ್ಳುತ್ತೇನೆ.

ಮೊಂಡು ಇದ್ದಿಲಿನ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಣ್ಣ ಮೊನೆಯ ಪೆನ್ಸಿಲ್ ಕೈಯಲ್ಲಿದ್ದರೆ ಮಗು ನಾಯಿಯ ಉಗುರಿನಿಂದ ಶುರುಮಾಡುತ್ತದೆ, ಹಾಳೆಯಲ್ಲಿ ಉಗುರು ಚೆನ್ನಾಗಿ ಕೂತು ನಾಯಿ ಹಾಳೆಯ ಹೊರಗೆ ಹೋಗುತ್ತದೆ. ಮೊಂಡು ಕಡ್ಡಿಗೆ ಉಗುರು ಬರೆಯಲು ಬಾರದು. ಬೆನ್ನು, ಹೊಟ್ಟೆ, ನೆಲಕ್ಕೆ ಒತ್ತಿದ ಹಿಂಗಾಲು, ಇಷ್ಟೇ ಅದರ ಕೈಗೆ ನಿಲುಕುವುದು. ಸಾಮಾನಿನ ಬಡತನವೇ ಯಾವುದನ್ನು ಬಿಡಬೇಕು ಅಂತ ಹೇಳಿಕೊಡುತ್ತದೆ. ನಲವತ್ತು ವರ್ಷ ಪಾಠ ಮಾಡಿ ನಾನು ಕಲಿತದ್ದರಲ್ಲಿ ಹೇಳಿಕೊಳ್ಳುವಂಥದ್ದು ಇದೊಂದೇ. ಬಾಕಿಯೆಲ್ಲ ಹಾಜರಿ ಪುಸ್ತಕ.

ಒಬ್ಬ ಹುಡುಗಿ ನಾಲ್ಕೇ ಗೆರೆ ಎಳೆದು ನಿಲ್ಲಿಸಿದ್ದಳು. ಯಾಕಮ್ಮ ಅಂದೆ. ‘ಹಂದಿಗೆ ತೂಕ ಜಾಸ್ತಿ ಸಾ, ನಾಯಿಗೆ ಹಟ ಜಾಸ್ತಿ. ಎರಡೂ ಬಂದದೆ, ಇನ್ನೇನು ಬರೀಲಿ?’ ಅಂದಳು. ಹಾಳೆಯಲ್ಲಿ ನಿಜವಾಗಿಯೂ ಎರಡೂ ಬಂದಿದ್ದವು. ಹಂದಿಯ ಗೆರೆ ದಪ್ಪ, ಇದ್ದಿಲನ್ನು ಅಡ್ಡ ಮಲಗಿಸಿ ಎಳೆದದ್ದು. ನಾಯಿಯ ಗೆರೆ ಕಡ್ಡಿಯ ತುದಿಯಲ್ಲಿ ಒತ್ತಿ, ಮುರಿಯುವಷ್ಟು ಒತ್ತಿ ಎಳೆದದ್ದು. ಹೇಳಿಕೊಡದೆ ಬಂದ ಬುದ್ಧಿ ಅದು.

ಅಳತೆಗೆ ನಮ್ಮಲ್ಲಿ ಎರಡು ಉಪಕರಣ. ಒಂದು ಲಗ್ನಪತ್ರಿಕೆಯ ಕಿಟಕಿ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಅಂಗೈಯಗಲ ಚೌಕ ಕತ್ತರಿಸಿ, ಉದ್ದಕ್ಕೊಂದು ಅಡ್ಡಕ್ಕೊಂದು ದಾರ ಕಟ್ಟಿದರೆ ಮುಗಿಯಿತು. ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಿದರೆ ಯಾವುದು ಯಾವ ಕಾಲುಭಾಗದಲ್ಲಿದೆ ಅಂತ ತಿಳಿಯುತ್ತದೆ. ಇನ್ನೊಂದು ತೂಗುಗುಂಡು. ಗಾರೆ ಕೆಲಸದವರ ಹತ್ತಿರ ಇರುತ್ತದಲ್ಲ, ಅದೇ. ನಾವು ದಾರದ ತುದಿಗೆ ಬೆಣಚುಕಲ್ಲು ಕಟ್ಟಿಕೊಂಡೆವು. ಶಿಲ್ಪದ ಮುಂದೆ ಕೈ ಚಾಚಿ ಇಳಿಬಿಟ್ಟರೆ ಹಣೆ ಎಲ್ಲಿ, ಹೊಕ್ಕಳು ಎಲ್ಲಿ, ತೂಕ ಹೊತ್ತ ಪಾದ ಎಲ್ಲಿ ಅಂತ ಒಂದೇ ನೇರದಲ್ಲಿ ಸಿಕ್ಕುತ್ತದೆ.

ಈ ದಾರಕ್ಕೆ ಶಿಲ್ಪಿಗಳ ಕಡೆ ದೊಡ್ಡ ಹೆಸರಿದೆ: ಬ್ರಹ್ಮಸೂತ್ರ. ಮೂರ್ತಿಯ ನಡುಮಧ್ಯದಲ್ಲಿ ನೆತ್ತಿಯಿಂದ ಪಾದದವರೆಗೆ ಇಳಿಯುವ ಗೆರೆ. ಕಲ್ಲನ್ನು ಮಲಗಿಸಿ ಮೊದಲು ಹಾಕುವ ಗೆರೆ ಅದು, ಆಮೇಲೆ ತಾಳವೆಂಬ ಅಳತೆಯ ಲೆಕ್ಕದಲ್ಲಿ ಮುಖ, ಎದೆ, ತೊಡೆಗಳ ಭಾಗ. ಅದಾದ ಮೇಲೆ ಉಳಿ. ನಮ್ಮ ಹೊಯ್ಸಳ ಗುಡಿಗಳಲ್ಲಿ ಅಲ್ಲಲ್ಲಿ ಅರ್ಧಕ್ಕೇ ಬಿಟ್ಟ ಕೆತ್ತನೆಗಳಿವೆ. ಅವುಗಳ ಮುಂದೆ ನಿಂತರೆ ಹೊರಮೈ ಗೆರೆ ಮೊದಲು ಬಂದದ್ದು, ಒಡವೆ ವಸ್ತ್ರ ಆಮೇಲೆ ಬಂದದ್ದು ಕಣ್ಣಿಗೇ ಕಾಣುತ್ತದೆ. ಜನ ಈ ಅರ್ಧ ಕೆಲಸಗಳನ್ನು ದಾಟಿಕೊಂಡು ಪೂರ್ತಿಯಾದವುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಗೆರೆ ಕಲಿಯುವವನಿಗೆ ಪಾಠ ಇರುವುದು ಅರ್ಧ ಕೆಲಸದಲ್ಲಿ. ಶಿಲ್ಪಿ ಮೊದಲ ದಿನ ಕಲ್ಲಿನ ಮೇಲೆ ಹಾಕಿ, ಉಳಿಯಿಂದ ತಾನೇ ಅಳಿಸಿದ ಗೆರೆಯನ್ನು ನಾವು ಇಷ್ಟು ನೂರು ವರ್ಷದ ಮೇಲೆ ಹುಡುಕುತ್ತಿದ್ದೇವೆ.

ನಾಯಿಯ ಕಲ್ಲಿರುವ ಅದೇ ಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲೂ ಇದೆ, ಸುಮಾರು 900ರದ್ದು. ತುಂಬೆಪಾಡಿಯ ಕಾಳಗದಲ್ಲಿ ಗಂಗರ ಕಡೆ ಸತ್ತ ನಾಗತ್ತರನ ಕಲ್ಲು. ಮೈತುಂಬ ಯುದ್ಧ. ಮಕ್ಕಳು ಅದರ ಮುಂದೆ ಸೋತು ಕೂತರು, ಏಳು ಗೆರೆಗೆ ಬಗ್ಗುವ ಕಲ್ಲಲ್ಲ ಅದು. ಎದುರಾಳಿ ಯಾರು ಗೊತ್ತೆ? ನೊಳಂಬ ವೀರಮಹೇಂದ್ರ. ನೊಳಂಬರೆಂದರೆ ನಮ್ಮ ಸೀಮೆಯವರು. ಶಿರಾದಿಂದ ಬಡಗಲಿಗೆ, ಈಗಿನ ಆಂಧ್ರದ ಗಡಿ ದಾಟಿದ ಕೂಡಲೇ ಸಿಗುವ ಹೇಮಾವತಿಯೇ ಅವರ ರಾಜಧಾನಿ ಹೆಂಜೇರು. ಬೆಂಗಳೂರಿಗೆ ಬಂದು ನಾವು ನಮ್ಮವರ ಶತ್ರುವಿನ ಕಲ್ಲನ್ನು ಬರೆಯುತ್ತಿದ್ದೆವು ಅಂತಾಯಿತು. ಹುಡುಗರಿಗೆ ಇದು ಬಹಳ ಖುಷಿಕೊಟ್ಟಿತು.

ನೊಳಂಬರ ಕಲ್ಲುಗಳ ಕತೆ ಇನ್ನೂ ಇದೆ. ಚೋಳರು ನೊಳಂಬರನ್ನು ಗೆದ್ದಾಗ ಅವರ ಕಂಬಗಳನ್ನು ತಿರುವೈಯಾರಿಗೆ ಸಾಗಿಸಿದರು, ಅಲ್ಲಿನ ಐಯಾರಪ್ಪರ್ ದೇವಾಲಯದಲ್ಲಿ ಇವತ್ತಿಗೂ ನಿಂತಿವೆ. ಬ್ರಿಟಿಷರ ಕಾಲದಲ್ಲಿ ಹೇಮಾವತಿ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿದ್ದರಿಂದ ಮತ್ತಷ್ಟು ಶಿಲ್ಪಗಳು ಮದರಾಸಿನ ಸಂಗ್ರಹಾಲಯಕ್ಕೆ ಹೋದವು. ಅವುಗಳ ಮೇಲೆ ಪುಸ್ತಕ ಬರೆದವರು ಸಿ. ಶಿವರಾಮಮೂರ್ತಿ. ಗೆರೆಯ ಮಾತಾಡುವವರು ಈ ಹೆಸರಿಗೆ ಕೈಮುಗಿಯಬೇಕು. ಸಂಗ್ರಹಾಲಯದ ಅಧಿಕಾರಿ, ಸಂಸ್ಕೃತ ವಿದ್ವಾಂಸರು, ಅದರ ಜೊತೆಗೆ ಕೈಯಲ್ಲಿ ಗೆರೆ ಇದ್ದವರು. 1942ರಲ್ಲಿ ಬಂದ ಅವರ ಅಮರಾವತಿ ಶಿಲ್ಪಗಳ ಪುಸ್ತಕ ತೆರೆದರೆ ತುರುಬು, ಓಲೆ, ಬಂಡಿ, ವೀಣೆ ಒಂದೊಂದನ್ನೂ ಶಿಲ್ಪದಿಂದ ಬಿಡಿಸಿ ಬರಿಯ ಗೆರೆಯಲ್ಲಿ ಇಟ್ಟಿದ್ದಾರೆ. ಫೋಟೋದಲ್ಲಿ ನೆರಳು, ಪಾಚಿ, ಬಿರುಕು ಎಲ್ಲ ಒಟ್ಟಿಗೆ ಬರುತ್ತವೆ. ಅವರ ಗೆರೆಯಲ್ಲಿ ಬರುವುದು ಕೇಳಿದ ಸಂಗತಿ ಮಾತ್ರ, ಅದೂ ಗೆರೆ ಕೊರೆದ ಹಾಗೆ.

ಕಲ್ಲಿನಿಂದ ಹಾಳೆಗೆ ತರುವುದಕ್ಕೆ ಇನ್ನೊಂದು ದಾರಿಯೂ ಇದೆ, ಪಡಿಯಚ್ಚು. ಮೈಸೂರು ಪುರಾತತ್ವ ಇಲಾಖೆಯ ಬಿ. ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, 1904ರದ್ದು. ನಮ್ಮ ಮಧುಗಿರಿ ಅದರಲ್ಲಿ ಇನ್ನೂ ಮದ್ದಗಿರಿ. ಶಾಸನದ ಕೆಲಸದವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ತಟ್ಟುತ್ತಾರೆ. ಅಕ್ಷರದ ತಗ್ಗಿಗೆ ಮಸಿ ತಾಗದೆ ಬೆಳ್ಳಗುಳಿಯುತ್ತದೆ, ಸುತ್ತ ಕಪ್ಪು. ನಮ್ಮ ಕಡತದ ಹಾಗೆಯೇ ಕಾಣುತ್ತದೆ. ಆದರೆ ಪಡಿಯಚ್ಚಿಗೆ ಆಯ್ಕೆ ಗೊತ್ತಿಲ್ಲ. ಅಕ್ಷರವನ್ನೂ ಕುರಿ ಕಾಯುವ ಹುಡುಗ ಗೀಚಿದ ಗೀಟನ್ನೂ ಒಂದೇ ಗೌರವದಿಂದ ಎತ್ತಿಕೊಂಡು ಬರುತ್ತದೆ. ಶಾಸನ ಓದುವವರಿಗೆ ಅದೇ ಬೇಕು. ನೀವು ನಾವು ಊರ ಕಲ್ಲಿಗೆ ಮಸಿ ಬಳಿಯಲು ಹೋಗಬಾರದು, ಅದು ಅನುಮತಿ ಪಡೆದು ಬಲ್ಲವರು ಮಾಡುವ ಕೆಲಸ.

ಗೋಡೆಯ ಚಿತ್ರವಾದರೆ ಕಷ್ಟ ಇನ್ನೂ ಹೆಚ್ಚು. 1909ರಿಂದ 1911ರವರೆಗೆ ಲೇಡಿ ಹೆರಿಂಗ್‌ಹ್ಯಾಮ್ ಎಂಬಾಕೆ ಅಜಂತೆಯ ಚಿತ್ರಗಳ ನಕಲು ತೆಗೆಸಿದರು. ಹೋದವರಲ್ಲಿ ನಂದಲಾಲ್ ಬೋಸ್, ಅಸಿತ್ ಹಾಲ್ದಾರ್ ಜೊತೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಅದಕ್ಕೆ ಮುಂಚೆ ರಾಬರ್ಟ್ ಗಿಲ್ ವರ್ಷಗಟ್ಟಲೆ ಕೂತು ಮಾಡಿದ ನಕಲುಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟಿದ್ದವು. ಗ್ರಿಫಿತ್ಸ್ ತಂಡದ ನಕಲುಗಳಲ್ಲಿ ಹಲವಕ್ಕೂ 1885ರಲ್ಲಿ ಅದೇ ಗತಿ. ಗುಹೆಯ ಮೂಲ ಮಾತ್ರ ಉಳಿದಿತ್ತು, ಉದುರುತ್ತಾ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಸಂಗ್ರಹಾಲಯದ ಪಕ್ಕದಲ್ಲೇ ಇದೆ. ನಾಯಿ ನೋಡಿಕೊಂಡು ಅಲ್ಲಿಗೂ ಹೋಗಿ ಬನ್ನಿ.

ಹೋಗುವಾಗ ಒಂದು ಎಚ್ಚರ. ಒಂದು ಸಂಗ್ರಹಾಲಯದ ಬಾಗಿಲಲ್ಲಿ ನನ್ನ ಮಸಿ ಕುಡಿಕೆಯನ್ನು ಕಾವಲಿನವರು ತಡೆದರು. ಹರಳೆಣ್ಣೆ ದೀಪದ ಕಾಡಿಗೆಗೆ ಜಾಲಿ ಅಂಟು ಸೇರಿಸಿ ಮೂರು ದಿನ ಅರೆದ ಮಸಿ, ಬಿದಿರಿನ ಲೆಕ್ಕಣಿಕೆ. ವಾದ ಮಾಡಿದೆ. ಆತ ಹೇಳಿದ, ‘ನಿಮ್ಮ ಮಸಿ ಒಳ್ಳೇದೇ ಇರಬಹುದು ಸ್ವಾಮಿ, ಕಲ್ಲಿನ ಮೇಲೆ ಬಿದ್ದರೂ ಒಳ್ಳೇದೇ ಇರ್ತದಾ?’ ಉತ್ತರ ಹೊಳೆಯಲಿಲ್ಲ, ಕುಡಿಕೆ ಕೊಟ್ಟೆ. ಇದ್ದಿಲಿಗೂ ಮೊದಲೇ ಕೇಳಿಕೊಳ್ಳಿ. ಕಾಲಡಿಗೆ ಹಳೆಯ ಪತ್ರಿಕೆ ಹಾಸಿ, ಪುಡಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಕಡತ, ಬಳಪವಾದರೆ ಇನ್ನೂ ಅನುಕೂಲ. ಮನೆಗೆ ಬಂದ ಮೇಲೆ ಇದ್ದಿಲಿನ ಚಿತ್ರ ಉದುರದಿರಲು ಅಕ್ಕಿ ಗಂಜಿಯ ತಿಳಿಯನ್ನು ಇನ್ನೂ ನೀರು ಮಾಡಿ, ದೂರದಿಂದ ಹನಿಹನಿಯಾಗಿ ಸಿಂಪಡಿಸಿದರೆ ಸಾಕು. ಹತ್ತಿರ ಹೋದಿರೋ, ನಾಯಿಯೂ ಹಂದಿಯೂ ಒಂದೇ ಕೊಚ್ಚೆಯಾಗುತ್ತವೆ.

ಬೆಂಗಳೂರು ದೂರವಾಯಿತು ಅನ್ನುವವರು ಹೇಮಾವತಿಗೆ ಹೋಗಿ. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳ ಮುಂದೆ ಕೂತರೆ ಒಂದು ದಿನ ಸಾಲದು. ಹಿಂದಿನಿಂದ ಬೆಳಕು ಬಂದಾಗ ಕಲ್ಲು ಪೂರ್ತಿ ಕಪ್ಪಾಗಿ, ಹೊರಗೆರೆ ತಾನಾಗಿಯೇ ನಿಲ್ಲುತ್ತದೆ. ನಿಮ್ಮ ಕೈಗೆ ಅರ್ಧ ಕೆಲಸ ಕಡಿಮೆ.

ಹುಣಸೆ ಬಡಿಯುವ ಕಾಲದಲ್ಲಿ ಮರದ ಕೆಳಗೆ ನೋಡಿ. ಹಣ್ಣು ಆಯುವವರು ಮುರಿದ ಕಡ್ಡಿಗಳನ್ನು ಬುಡದಲ್ಲೇ ಬಿಟ್ಟು ಹೋಗಿರುತ್ತಾರೆ. ನೇರವಾದವನ್ನು ಆರಿಸಿಕೊಳ್ಳಿ, ಗಂಟಿರುವುದು ಬೇಡ, ಬೆಂದಾಗ ಸಿಡಿಯುತ್ತದೆ. ಒಂದು ಹಿಡಿ ಸಾಕು, ವರ್ಷಕ್ಕಾಗುತ್ತದೆ. ಡಬ್ಬ ಪೂರ್ತಿ ತಣ್ಣಗಾಗುವವರೆಗೆ ಮಾತ್ರ ಮುಚ್ಚಳ ತೆಗೆಯಬೇಡಿ.